ಉರ್ವದ ಬಾವಿಯ ಮೂರು ಬಾಟ್ಲಿ ಮಣ್ಣು

ಉರ್ವ, ಮಂಗಳೂರು
೪ ಸೆಪ್ಟೆಂಬರ್ ೧೯೬೦

ಪ್ರೀತಿಯ ಹೇಮಾಕ್ಷಿ,

ಈ ಪತ್ರದ ಹಿಂದೆಯೇ ರೈಲ್ವೆ ಪಾರ್ಸೆಲಿನಲ್ಲಿ ಒಂದು ಮರದ ಪೆಟ್ಟಿಗೆ ಬರುತ್ತದೆ. ಬೈಹುಲ್ಲಿನ ನಡುವೆ ಮೂರು ಬಾಟ್ಲಿ ಮಣ್ಣು ಇಟ್ಟಿದ್ದೇನೆ. ಕೊಯಮತ್ತೂರಿನ ನಿಮ್ಮ ಪ್ರಯೋಗಾಲಯಕ್ಕೆ ಊರೂರಿನ ಗದ್ದೆ ಮಣ್ಣು ಪರೀಕ್ಷೆಗೆ ಬರುತ್ತದೆ ಎಂದು ನೀನು ಬರೆದಿದ್ದೆ. ಇದನ್ನೂ ಪರೀಕ್ಷಿಸು. ಗೊಬ್ಬರ ಎಷ್ಟು ಬೇಕೆಂದು ತಿಳಿಯಲಿಕ್ಕಲ್ಲ, ಇದರಲ್ಲಿ ಪೆಟ್ರೋಲು ಇತ್ತು ಎಂದು ಕಾಗದದ ಮೇಲೆ ಬರೆಸಲಿಕ್ಕೆ.

ನಮ್ಮ ಓಣಿಯ ಕೆಳಗೆ ಹೊಳೆಬದಿಯಲ್ಲಿರುವ ಎಣ್ಣೆ ಡಿಪೋದವರು ಮೂರನೆಯ ಟಾಂಕಿ ಕಟ್ಟಲು ಅರ್ಜಿ ಹಾಕಿದ್ದಾರೆ. ಆಕ್ಷೇಪ ಇದ್ದವರು ಹೇಳಬಹುದಂತೆ, ಮುನಿಸಿಪಾಲಿಟಿಯವರು ವಿಚಾರಣೆ ಇಡುತ್ತಾರಂತೆ. ಇಪ್ಪತ್ತಮೂರರ ನೆರೆಯಲ್ಲಿ ನೀರು ಎಲ್ಲಿಯ ತನಕ ಏರಿತ್ತೆಂದು ನನಗೆ ನೆನಪುಂಟು. ಸರಿಯಾಗಿ ಅಲ್ಲೇ ಇವರ ಟಾಂಕಿಗಳು ನಿಂತಿವೆ. ಈ ಊರಿನ ಆಫೀಸುಗಳಲ್ಲಿ ಫೈಲುಗಳಿವೆ, ನೆನಪಿಲ್ಲ.

ನಲವತ್ತೆಂಟರಲ್ಲಿ ನೀನು ಹತ್ತು ವರ್ಷದವಳು. ಆದ್ದರಿಂದ ಕ್ರಮವಾಗಿ ಬರೆಯುತ್ತೇನೆ, ವರದಿಗೂ ಬೇಕಾದೀತು. ಆ ವರ್ಷ ಮಾರ್ಚಿನಿಂದಲೇ ನನ್ನ ಹಿತ್ತಿಲ ಬಾವಿಯ ನೀರು ಕಮಟಾಗಿತ್ತು. ಡಿಪೋದ ಹಳೆ ಟಾಂಕಿಯ ಅಡಿ ಸೋರುತ್ತಿತ್ತು. ನಮ್ಮ ಮುರಕಲ್ಲಿನಲ್ಲಿ ತೂತುಗಳಿಗೇನು ಬರ? ಎಣ್ಣೆ ಅದರೊಳಗೆ ಹರಿದು, ಕೆಳಗಿನ ನೀರು ಇಂಗದ ಬಿಳಿ ಶೇಡಿಮಣ್ಣಿನ ಮೇಲೆ ನಿಂತು, ಬಾವಿಗೆ ಇಳಿಯಿತು. ಏಪ್ರಿಲ್ ಹದಿನಾರರಂದು ಕೆಸರು ತೆಗೆಯಲು ಇಳಿದ ನಿನ್ನ ಅಪ್ಪ ಮಾಯಿಲಪ್ಪ ಬೆಂಕಿಗೆ ಸಿಕ್ಕಿ ತೀರಿಹೋದ. ಇಳಿದವನು ಬೀಡಿ ಹಚ್ಚಿದ್ದರಿಂದ ಬೆಂಕಿ ಎದ್ದಿತೆಂದು ಮಹಜರಿನಲ್ಲಿ ಬರೆದರು. ಮರುವಾರವೇ ಡಿಪೋದವರು ಟಾಂಕಿಯ ಅಡಿ ಅಗೆದು ಹೊಸ ತಗಡು ಬೆಸೆದು ಮುಚ್ಚಿದರು. ಏಕೆಂದು ಯಾರೂ ಕೇಳಲಿಲ್ಲ. ನಾನು ಪತ್ರಿಕೆಗೆ ಬರೆದ ಹನ್ನೊಂದು ಪತ್ರಗಳಲ್ಲಿ ಎರಡು ಅಚ್ಚಾದವು.

ಮೊದಲ ಎರಡು ಬಾಟ್ಲಿಗಳಲ್ಲಿ ಇರುವುದು ಬೆಂಕಿಯ ಮರುದಿನ ಬಾವಿಯೊಳಗಿಂದ ಕೆರೆದ ಮಣ್ಣು. ಒಂದನ್ನು ಕಂಠದವರೆಗೆ ತುಂಬಿ ಅರಗು ಹಾಕಿದ್ದೆ. ಇನ್ನೊಂದಕ್ಕೆ ಮಣ್ಣು ಸಾಲದೆ ಅರ್ಧವಾಯಿತು, ಬಿರಡೆ ಸಿಗದೆ ಹತ್ತಿ ತುರುಕಿದೆ. ಮೂರನೆಯದು ಹೋದ ವಾರ ಅದೇ ಮಟ್ಟದಿಂದ ತೆಗೆಸಿದ್ದು.

ನಿನ್ನೆ ಸಿಟಿ ಬಸ್ಸಿನಲ್ಲಿ ಒಬ್ಬಳು ತಾಯಿ ಚಿಮಣಿ ದೀಪದ ಹತ್ತಿರ ಕೈಯಾಡಿಸಿ ಸುಟ್ಟುಕೊಂಡ ಮಗನ ಕಥೆ ಹೇಳುತ್ತಾ, "ಎಂತ ಮಾಡುದು, ಇವನದ್ದು ಮಾಯಿಲಪ್ಪನ ಬೀಡಿ" ಅಂದಳು. ಹನ್ನೆರಡು ವರ್ಷವಾಯಿತು, ಗಾದೆಯಾಗಿ ಕೂತಿದೆ. ಆ ಹೆಂಗಸಿಗೆ ಮಾಯಿಲಪ್ಪ ಯಾರೆಂದೇ ಗೊತ್ತಿರಲಿಲ್ಲ.

ಇದನ್ನು ಅಳಿಸದೆ ನಾನು ಸಾಯುವುದಿಲ್ಲ.

ನಿನ್ನ ಹಿತೈಷಿ,
ರುಡೊಲ್ಫ್ ಮಾಸ್ಟ್ರು


ಕೊಯಮತ್ತೂರು
೨ ಅಕ್ಟೋಬರ್ ೧೯೬೦

ಪೂಜ್ಯ ಮಾಸ್ಟ್ರಿಗೆ ನಮಸ್ಕಾರಗಳು.

ಪೆಟ್ಟಿಗೆ ಒಡೆಯದೆ ಬಂತು. ಕೆಲಸದ ಹೊತ್ತು ಮುಗಿದ ಮೇಲೆ ಮಾಡಿಕೊಳ್ಳಬಹುದೆಂದು ನಮ್ಮ ಮೇಲಿನವರು ಒಪ್ಪಿದ್ದಾರೆ.

ಅರಗು ಒಡೆದು ಮೊದಲ ಬಾಟ್ಲಿ ತೆರೆದಾಗ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ವಾಸನೆ. ನಾನು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ಆ ದಿನ ಅಪ್ಪನನ್ನು ಮಲಗಿಸಿದ ಚಾಪೆಗೆ ಇದೇ ವಾಸನೆ ಇತ್ತು.

ಉಳಿದ ಎರಡರಲ್ಲಿ ಎಣ್ಣೆ ಇಲ್ಲ, ಮಾಸ್ಟ್ರೇ. ಹತ್ತಿ ತುರುಕಿದ್ದರಲ್ಲಿ ಒಂದಷ್ಟು ಆರಿಹೋಗಿರಬಹುದು, ಆದರೆ ಆರದಂಥ ದಪ್ಪ ಭಾಗವೂ ಕಾಣುವುದಿಲ್ಲ. ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳಿಗೆ ಎಣ್ಣೆಯೇ ಊಟ. ನಾವು ಅನ್ನ ತಿಂದ ಹಾಗೆ ಅವು ಪೆಟ್ರೋಲು, ಸೀಮೆಎಣ್ಣೆ ತಿಂದು ಬೆಳೆಯುತ್ತವೆ. ನೀರು, ಗಾಳಿ, ಸ್ವಲ್ಪ ಉಪ್ಪು ಸಿಕ್ಕಿದರೆ ಸಾಕು. ಕಂಠದವರೆಗೆ ತುಂಬಿ ಅರಗು ಹಾಕಿದ್ದಕ್ಕೆ ಗಾಳಿ ಹೋಗಲಿಲ್ಲ, ಹಾಗಾಗಿ ಅದರಲ್ಲಿ ಮಾತ್ರ ಎಲ್ಲವೂ ಇದ್ದ ಹಾಗೇ ಉಳಿದಿದೆ.

ಡಿಪೋದವರು ಒಂದೇ ಬಾಟ್ಲಿಯನ್ನು ನಂಬುವುದಿಲ್ಲ, ನೀವೇ ಪೆಟ್ರೋಲು ಹೊಯ್ದಿರಿ ಎನ್ನುತ್ತಾರೆ. ಎಣ್ಣೆಯನ್ನೇ ಕಾಣದ ಮಣ್ಣು ಹೋಲಿಕೆಗೆ ಬೇಕು. ಬಿಕರ್ನಕಟ್ಟೆ ಗುಡ್ಡದಿಂದ ಒಂದು ಬಾಟ್ಲಿ ಕಳಿಸುತ್ತೀರಾ?

ಅಮ್ಮನನ್ನು ಕಂಡರೆ ನಾನು ಚೆನ್ನಾಗಿದ್ದೇನೆಂದು ಹೇಳಿ.

ನಿಮ್ಮ ಶಿಷ್ಯೆ,
ಹೇಮಾಕ್ಷಿ


ಉರ್ವ
೨೦ ಅಕ್ಟೋಬರ್ ೧೯೬೦

ಪ್ರೀತಿಯ ಹೇಮಾಕ್ಷಿ,

ತಿಂದವೋ? ಸಾಕ್ಷಿಯನ್ನೇ ತಿಂದುಬಿಟ್ಟವೋ? ಮೂವತ್ತೊಂದು ವರ್ಷ ವಿಜ್ಞಾನ ಪಾಠ ಹೇಳಿದ ನನಗೆ ನಿನ್ನ ಪತ್ರ ಓದಿ ಮೈ ಉರಿಯಿತು. ಡಿಪೋದವರ ತಪ್ಪನ್ನು ತೊಳೆಯಲು ದೇವರು ಈ ಹುಳುಗಳನ್ನು ಇಟ್ಟಿದ್ದಾನೆಯೇ? ಪೋಲೀಸರು ಮರೆತರು, ಪತ್ರಿಕೆಯವರು ಮರೆತರು, ಈಗ ಮಣ್ಣೂ ಮರೆತಿತೆಂದು ಬರೆಯುತ್ತೀಯ.

ಬಿಕರ್ನಕಟ್ಟೆಗೆ ನಾನೇ ಹೋಗಿದ್ದೆ. ಬಾಲಯೇಸುವಿನ ಕ್ಷೇತ್ರಕ್ಕೆ ಬಂದವರು ಮೊಂಬತ್ತಿ ಹಿಡಿದು ಹತ್ತುತ್ತಿದ್ದರೆ ನಾನು ಚಮಚ ಹಿಡಿದು ಗುಡ್ಡ ಕೆರೆಯುತ್ತಿದ್ದೆ. ಮಣ್ಣು ಕಳಿಸಿದ್ದೇನೆ.

ಬರುವಾಗ ಬಸ್ಸಿನಲ್ಲಿ ಡಿಪೋದ ಏಜೆಂಟ್ ತಾರಾನಾಥ ಸಿಕ್ಕಿದ. ನನ್ನ ಹಳೆಯ ವಿದ್ಯಾರ್ಥಿ, ಈಗ ಕೈಗಡಿಯಾರ ಕಟ್ಟಿದ್ದಾನೆ. ಚೀಲದಲ್ಲಿ ಎಂತ ಉಂಟೆಂದು ಕೇಳಿದ, ಸಾಕ್ಷಿ ಎಂದೆ. "ಮಣ್ಣು ಬಂದು ಸಾಕ್ಷಿ ಹೇಳ್ತದಾ ಮಾಸ್ಟ್ರೇ? ಹಾಗಾದ್ರೆ ಅದಕ್ಕೆ ಒಂದು ಕುರ್ಚಿ ಇಡಿಸುವ ಮಾರಾಯ್ರೆ" ಅಂದ. ಬಸ್ಸಿಡೀ ನಕ್ಕಿತು.

ನಿನ್ನ ಅಮ್ಮ ಅಮ್ಮಣಿ ಮೊನ್ನೆ ಹಿತ್ತಿಲಿಗೆ ಬಂದಿದ್ದಳು, ಒಂದು ಹೆಡಿಗೆ ಒಣ ಸೊಪ್ಪು ಒಯ್ಯಲು. ಬಾವಿಯ ದಾರಿ ಬಿಟ್ಟು ಮಾವಿನ ಮರ ಬಳಸಿ ಹೋದಳು. ಈಗಲೂ ಮನೆಯಲ್ಲಿ ಸೀಮೆಎಣ್ಣೆ ಹಚ್ಚುವುದಿಲ್ಲವಂತೆ, ತೆಂಗಿನೆಣ್ಣೆಯೇ. ನಿನ್ನ ಸುದ್ದಿ ಹೇಳಿದೆ. ತಲೆಯಾಡಿಸಿದಳು. ಅವಳು ನನ್ನ ಜೊತೆ ಎಂದೂ ಹೆಚ್ಚು ಮಾತಾಡುವವಳಲ್ಲ.

ನಾನು ಹನ್ನೆರಡು ವರ್ಷದಿಂದ ಮುನಿಸಿಪಾಲಿಟಿಯ ನಲ್ಲಿ ನೀರನ್ನೇ ಕುಡಿಯುತ್ತಿದ್ದೇನೆ. ಬಾವಿಯಲ್ಲಿ ಈಗ ವಾಸನೆ ಇಲ್ಲವೆಂದು ಎಲ್ಲರೂ ಹೇಳುತ್ತಾರೆ. ನನಗೆ ಬರುತ್ತದೆ.

ನಿನ್ನ,
ರುಡೊಲ್ಫ್ ಮಾಸ್ಟ್ರು


ಕೊಯಮತ್ತೂರು
೧೧ ಡಿಸೆಂಬರ್ ೧೯೬೦

ಪೂಜ್ಯ ಮಾಸ್ಟ್ರಿಗೆ ನಮಸ್ಕಾರಗಳು.

ಮಣ್ಣು ಮರೆತಿಲ್ಲ. ಇದನ್ನು ಬರೆಯಲು ಒಂದೂವರೆ ತಿಂಗಳು ಕಾದೆ, ಎರಡು ಸಲ ಮಾಡಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಗಾಜಿನ ಬುಡ್ಡಿಗಳಲ್ಲಿ ಉಪ್ಪುನೀರು ಹಾಕಿ, ಮೇಲೆ ಒಂದು ಚಮಚ ಸೀಮೆಎಣ್ಣೆ ತೇಲಿಸಿದೆ. ಒಂದೊಂದಕ್ಕೆ ಒಂದೊಂದು ಕಡೆಯ ಮಣ್ಣು, ಒಂದು ಚಿಟಿಕೆಯಷ್ಟೇ. ದಿನವೂ ಕೈಯಲ್ಲಿ ಅಲುಗಾಡಿಸಿದೆ. ಬಾವಿಯಿಂದ ಈಗ ತೆಗೆಸಿದ ಮಣ್ಣಿನ ಬುಡ್ಡಿ ಐದನೆಯ ದಿನಕ್ಕೆ ಗಂಜಿನೀರಿನ ಹಾಗೆ ಮಸುಕಾಯಿತು, ಎಣ್ಣೆಯ ಪದರ ಒಡೆದು ಸಣ್ಣ ಸಣ್ಣ ಮಣಿಯಾಯಿತು. ಬಿಕರ್ನಕಟ್ಟೆಯ ಮಣ್ಣು ಹಾಕಿದ್ದು ಮೂರು ವಾರ ತಿಳಿಯಾಗಿಯೇ ಇತ್ತು. ಎಣಿಸಿದೆ. ಎಣ್ಣೆ ತಿನ್ನುವ ಜೀವಿಗಳು ಬಾವಿಯ ಒಂದು ಚಿಟಿಕೆಯಲ್ಲಿ ಲಕ್ಷಗಟ್ಟಲೆ, ಗುಡ್ಡದ ಚಿಟಿಕೆಯಲ್ಲಿ ನೂರೂ ಇಲ್ಲ.

ಊಟ ಇಲ್ಲದ ಮನೆಯಲ್ಲಿ ಇಷ್ಟು ಜನ ಸೇರುವುದಿಲ್ಲ, ಮಾಸ್ಟ್ರೇ. ಎಣ್ಣೆ ಹೋಗಿದೆ, ಉಂಡವರು ಇನ್ನೂ ಪಂಕ್ತಿಯಲ್ಲಿ ಕೂತಿದ್ದಾರೆ. ಅವರೇ ಸಾಕ್ಷಿ. ತಾರಾನಾಥರು ಕುರ್ಚಿ ಇಡಿಸಲಿ.

ವರದಿಯನ್ನು ನಮ್ಮ ಮೇಲಿನವರ ರುಜು ಹಾಕಿಸಿ ಕಳಿಸುತ್ತೇನೆ. ಅದಕ್ಕೆ ಮೊದಲು ಒಂದು ವಿಷಯ ಕೇಳಬೇಕು. ಅರಗು ಹಾಕಿದ್ದ ಬಾಟ್ಲಿಯನ್ನು ಪೂರ್ತಿ ಬರಿದು ಮಾಡಿದಾಗ ಅಡಿಯಲ್ಲಿ ಒಂದು ಗಾಜಿನ ಚೂರು ಸಿಕ್ಕಿತು. ತೆಳ್ಳಗೆ, ಬಾಗಿದ್ದು, ಒಂದು ಬದಿಗೆ ಮಸಿ ಹಿಡಿದದ್ದು. ಕಂದೀಲಿನ ಗಾಜು.

ಅಪ್ಪನ ಹತ್ತಿರ ಕಂದೀಲು ಇರಲಿಲ್ಲ. ವರದಿಯಲ್ಲಿ ಬರೆಯಲೇ?

ನಿಮ್ಮ ಶಿಷ್ಯೆ,
ಹೇಮಾಕ್ಷಿ


ಕೊಯಮತ್ತೂರು
೯ ಫೆಬ್ರವರಿ ೧೯೬೧

ಪೂಜ್ಯ ಮಾಸ್ಟ್ರಿಗೆ ನಮಸ್ಕಾರಗಳು.

ಡಿಸೆಂಬರಿನ ಪತ್ರಕ್ಕೂ ಜನವರಿಯ ಕಾರ್ಡಿಗೂ ಉತ್ತರ ಬರಲಿಲ್ಲ. ಮೈ ಹುಷಾರಿಲ್ಲವೇ? ವಿಚಾರಣೆ ಹತ್ತಿರ ಬಂತೆಂದು ವರದಿಯನ್ನು ನೇರ ಮುನಿಸಿಪಾಲಿಟಿಗೆ ಕಳಿಸಿದ್ದೇನೆ. ಮಣ್ಣಿನ ವಿಷಯ ಮಾತ್ರ ಬರೆದಿದ್ದೇನೆ.

ಹೇಮಾಕ್ಷಿ


ಉರ್ವ
೨೨ ಮಾರ್ಚ್ ೧೯೬೧

ಪ್ರೀತಿಯ ಹೇಮಾಕ್ಷಿ,

ಚಳಿಯಲ್ಲಿ ಕೆಮ್ಮು ಹಿಡಿದಿತ್ತು. ಈಗ ಅಡ್ಡಿಯಿಲ್ಲ.

ಮೊದಲ ವಿಚಾರಣೆ ನಿನ್ನೆ ಮುಗಿಯಿತು. ನಿನ್ನ ವರದಿಯನ್ನು ಅಧಿಕಾರಿ ಗಟ್ಟಿಯಾಗಿ ಓದಿಸಿದರು. ಲಕ್ಷಗಟ್ಟಲೆ ಎಂಬಲ್ಲಿ ಎರಡು ಸಲ ಓದಿಸಿದರು. ಡಿಪೋದ ವಕೀಲರು ತುಂಬ ಹೊತ್ತು ಗುಸುಗುಸು ಮಾತಾಡಿ, ಆ ಕಾಲದಲ್ಲಿ ಸ್ವಲ್ಪ ಸೋರಿರಲೂಬಹುದು ಎಂದು ಒಪ್ಪಿದರು. ಒಪ್ಪಿದರು, ಹೇಮಾಕ್ಷಿ. ಹನ್ನೆರಡು ವರ್ಷ ನಾನು ಗಂಟಲು ಹರಿದುಕೊಂಡರೂ ಆಗದ್ದನ್ನು ನಿನ್ನ ಒಂದು ಚಿಟಿಕೆ ಮಣ್ಣು ಮಾಡಿತು.

ಆಮೇಲೆ ವಕೀಲರು ಮಹಜರಿನ ನಕಲು ತೆಗೆದರು. ಎಣ್ಣೆ ಇದ್ದರೂ ತಾನಾಗಿ ಹೊತ್ತಿಕೊಳ್ಳುವುದಿಲ್ಲವಲ್ಲ, ಹಚ್ಚಿದ್ದು ಆ ಮನುಷ್ಯನ ಬೀಡಿ ಎಂದರು. ಹಿಂದಿನ ಬೆಂಚಿನಿಂದ ಯಾರೋ "ಹೋ, ಆ ಮಾಯಿಲಪ್ಪನ ಬೀಡಿಯಾ" ಅಂದರು. ಜನ ನಕ್ಕರು. ಗಾದೆಯ ಮೂಲ ಸಿಕ್ಕಿದ ಖುಷಿ.

ಅಧಿಕಾರಿ ನನ್ನ ಕಡೆ ನೋಡಿದರು. ನಾನು ಕೂತೇ ಇದ್ದೆ.

ಮುಂದಿನ ವಿಚಾರಣೆ ಏಪ್ರಿಲ್ ಹದಿನೈದಕ್ಕೆ. ಗಾಜಿನ ವಿಷಯ ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಹಳೆಯ ಬಾವಿಯಲ್ಲಿ ಏನೇನೋ ಬಿದ್ದಿರುತ್ತದೆ.

ನಿನ್ನ,
ರುಡೊಲ್ಫ್


ಕೊಯಮತ್ತೂರು
೩೦ ಮಾರ್ಚ್ ೧೯೬೧

ಮಾಸ್ಟ್ರಿಗೆ,

ಬಿದ್ದಿರುತ್ತದೆ. ಚೂರನ್ನು ಹತ್ತಿಯಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಅಪ್ಪ ಬೀಡಿ ಸೇದುತ್ತಿರಲಿಲ್ಲ. ಎಲೆಅಡಿಕೆ ಮಾತ್ರ. ಇದು ನಿಮಗೂ ಗೊತ್ತು.

ಹೇಮಾಕ್ಷಿ


ಉರ್ವ
೧೭ ಏಪ್ರಿಲ್ ೧೯೬೧

ಹೇಮಾಕ್ಷಿ,

ಪತ್ರಿಕೆಗಳಿಗೆ ನಾನು ಬರೆದ ಪತ್ರಗಳನ್ನೆಲ್ಲ ಒಂದು ಕಡೆ ಕಟ್ಟಿಟ್ಟಿದ್ದೇನೆ. ನಿನ್ನ ಪತ್ರ ಬಂದ ಮೇಲೆ ಅವನ್ನೆಲ್ಲ ತೆಗೆದು ಓದಿದೆ. ಡಿಪೋ, ಟಾಂಕಿ, ಪೋಲೀಸು, ಸರಕಾರ, ಎಲ್ಲರೂ ಇದ್ದಾರೆ. ಯಾವ ಪತ್ರದಲ್ಲಿಯೂ ಆ ದಿನ ಬಾವಿಕಟ್ಟೆಯ ಮೇಲೆ ನಿಂತವನು ಇಲ್ಲ.

ನಿನ್ನ ಅಪ್ಪ ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲುಗಳ ಮೇಲೆ ಕಾಲಿಟ್ಟು ಅರ್ಧ ಬಾವಿ ಇಳಿದಿದ್ದರು. ಅಲ್ಲಿ ನಿಂತು ಮೇಲೆ ನೋಡಿ ಹೇಳಿದರು: "ಮಾಸ್ಟ್ರೇ, ಇದು ಕೆಟ್ಟ ಗಾಳಿ ಅಲ್ಲ, ಬಸ್ಸಿನ ವಾಸನೆ. ನಾನು ಹತ್ತಿ ಬರ್ತೇನೆ. ನಾಳೆ ಸೊಪ್ಪು ಕಟ್ಟಿ ಬಡಿದು ನೋಡುವ."

ಅವರ ಕ್ರಮ ನಿನಗೆ ಗೊತ್ತಿರಬಹುದು. ಬಾವಿಯಲ್ಲಿ ಗಾಳಿ ಕೆಟ್ಟಿದ್ದರೆ ಸೊಪ್ಪಿನ ದೊಡ್ಡ ಕಟ್ಟನ್ನು ಹಗ್ಗಕ್ಕೆ ಬಿಗಿದು ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಂದು ಗಂಟೆ ಬಡಿಯುವುದು. ನಾನು ಅದನ್ನು ಕಂಡು ನಗುತ್ತಿದ್ದೆ. ನನ್ನ ಪುಸ್ತಕದಲ್ಲಿ ಇದ್ದದ್ದು ಬೇರೆ. ಬಾವಿಗೆ ಇಳಿಯುವ ಮೊದಲು ಉರಿಯುವ ದೀಪ ಇಳಿಸು, ಆರಿದರೆ ಇಳಿಯಬೇಡ, ಉರಿದರೆ ಇಳಿ. ಪ್ರತಿ ವರ್ಷ ಎಂಟನೆಯ ತರಗತಿಗೆ ಇದನ್ನು ಹೇಳುತ್ತಿದ್ದೆ. ಶಾಲೆಯ ಕಂದೀಲು ರಜೆಯಲ್ಲಿ ನನ್ನ ಮನೆಯಲ್ಲೇ ಇತ್ತು. ಹಚ್ಚಿದೆ. ಹಗ್ಗಕ್ಕೆ ಕಟ್ಟಿ ಇಳಿಸಿದೆ. ಅವರು ಮೈಯನ್ನು ಕಲ್ಲಿಗೆ ಒತ್ತಿ ಅದಕ್ಕೆ ದಾರಿ ಬಿಟ್ಟರು. ಕಂದೀಲು ಅವರನ್ನು ದಾಟಿ ಉರಿಯುತ್ತಲೇ ಹೋಯಿತು.

"ಉರೀತಾ ಉಂಟಲ್ಲ ಮಾಯಿಲಪ್ಪ, ಇಳಿ" ಎಂದೆ. ನಾನು ಕೊನೆಗೆ ಹೇಳಿದ್ದು ಅದು.

ಗಣಿಯಲ್ಲಿ ಹೊತ್ತಿಕೊಳ್ಳುವ ಗಾಳಿ ಇರುತ್ತದೆ, ಅಲ್ಲಿಗೆ ತೆರೆದ ದೀಪ ಒಯ್ಯಬಾರದು, ತಂತಿಬಲೆಯ ದೀಪ ಬೇಕು ಎಂಬುದು ಅದೇ ಪುಸ್ತಕದ ಮುಂದಿನ ಪುಟದಲ್ಲಿ ಇತ್ತು. ಅದನ್ನೂ ಪ್ರತಿ ವರ್ಷ ಹೇಳುತ್ತಿದ್ದೆ. ಆ ಪುಟ ಗಣಿಗೆ, ಈ ಪುಟ ಬಾವಿಗೆ ಎಂದು ತಿಳಿದಿದ್ದೆ.

ನನ್ನ ಹುಬ್ಬು ಸುಟ್ಟಿತು, ಬಲಗೈ ಚರ್ಮ ಎದ್ದಿತು. ಕಾಪಾಡಲು ಹೋಗಿ ಸುಟ್ಟುಕೊಂಡರು ಎಂದು ಊರು ಹೊಗಳಿತು. ಪೋಲೀಸರು ಬಂದಾಗ, ಹಗ್ಗ ತರಲು ಒಳಗೆ ಹೋಗಿದ್ದೆ, ನೋಡಲಿಲ್ಲ ಎಂದೆ. ಬೀಡಿ ಎಂದು ಬರೆದವರು ಅವರು. ನಾನು ಬೀಡಿ ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಮಹಜರಿನ ಮೊದಲ ರುಜು ನನ್ನದು. ಮರುದಿನ ಸಾಕ್ಷಿಗೆಂದು ಮಣ್ಣು ಕೆರೆದವನೂ ನಾನೇ. ಸುಟ್ಟ ಕೈಯಲ್ಲಿ ಗಾಜಿನ ಚೂರು ಗೊತ್ತಾಗಲಿಲ್ಲ.

ನಿನ್ನನ್ನು ಓದಿಸಿದ್ದು ಏಕೆಂದು ನೀನು ಎಂದೂ ಕೇಳಲಿಲ್ಲ.

ಮೊನ್ನೆ ಹದಿನೈದಕ್ಕೆ ವಿಚಾರಣೆಯಲ್ಲಿ ಎದ್ದು ನಿಂತು ಇಷ್ಟನ್ನೂ ಹೇಳಿದೆ. ತಾರಾನಾಥ, ಪಾಪ, ತನ್ನ ಕೆಲಸ ಬಿಡಲಿಲ್ಲ. "ಹಾಗಾದ್ರೆ ಬೀಡಿ ಅಲ್ಲ, ಕಂದೀಲು. ಹೇಗಾದ್ರೂ ಬೆಂಕಿ ಡಿಪೋದ್ದಲ್ಲ ಅಂತ ಆಯ್ತಲ್ಲ ಮಾಸ್ಟ್ರೇ?"

"ಬೆಂಕಿ ನನ್ನದು, ಎಣ್ಣೆ ನಿಮ್ಮದು" ಎಂದೆ. "ಅದರಲ್ಲಿ ಮಾಯಿಲಪ್ಪನದ್ದು ಏನೂ ಇರಲಿಲ್ಲ."

ಅಧಿಕಾರಿ ಬರೆಸಿಕೊಂಡರು. ಓದಿ ಹೇಳಿದರು, ರುಜು ಹಾಕಿದೆ. ಟಾಂಕಿಯ ಅರ್ಜಿಯನ್ನು ಸದ್ಯ ತಡೆದಿದ್ದಾರೆ.

ಕ್ಷಮೆ ಕೇಳುವ ವಾಕ್ಯವನ್ನು ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಈ ಪತ್ರದೊಂದಿಗೆ ಬಾವಿಯ ನೀರು ಒಂದು ಬಾಟ್ಲಿ ಕಳಿಸುತ್ತಿದ್ದೇನೆ. ನನ್ನ ಮೂಗನ್ನು ನಾನು ನಂಬುವುದಿಲ್ಲ. ನೀನು ನೋಡಿ ಹೇಳು.

ರುಡೊಲ್ಫ್ ಲೋಬೊ


ಕೊಯಮತ್ತೂರು
೮ ಮೇ ೧೯೬೧

ಮಾಸ್ಟ್ರಿಗೆ,

ಮೊದಲು ನೀರಿನ ವಿಷಯ. ಎಣ್ಣೆಯ ಅಂಶ ಇಲ್ಲ. ಎರಡು ಸಲ ನೋಡಿದೆ. ಕುಡಿಯಬಹುದು.

ಅಮ್ಮ ಆ ದಿನ ಅಪ್ಪನಿಗೆ ಗಂಜಿ ತಂದಿದ್ದರು. ಮಾವಿನ ಮರದ ಹತ್ತಿರ ಪಾತ್ರೆ ಹಿಡಿದು ನಿಂತಿದ್ದರು. ಬಾವಿ ತೋಡುವವನ ಮನೆಯವರು ಬಾವಿಕಟ್ಟೆಗೆ ಬರುವಂತಿರಲಿಲ್ಲ, ಹಗ್ಗ ಮುಟ್ಟುವಂತಿರಲಿಲ್ಲ. ಅಪ್ಪ ಕೆಸರು ತೆಗೆದ ಬಾವಿಗಳಿಗೆಲ್ಲ ಇದೇ ಕ್ರಮ. ನೀವು ಕಂದೀಲು ಇಳಿಸಿದ್ದನ್ನು ಅಮ್ಮ ಕಂಡಿದ್ದರು. ನೀವು "ಇಳಿ" ಎಂದದ್ದನ್ನೂ ಕೇಳಿದ್ದರು.

ನನಗೆ ಹದಿನಾರು ತುಂಬಿದಾಗ ಹೇಳಿದರು. "ಹೇಳಿದ್ರೆ ಯಾರು ನಂಬ್ತಾರೆ? ಮಾಸ್ಟ್ರ ಎದುರು ನಾನಾ? ನೀನು ಓದು. ನೀನು ಓದಿ ಆದ ಮೇಲೆ ಅವರೇ ಹೇಳ್ತಾರಾ ನೋಡುವ." ನಾನು ಓದಿದೆ. ಪ್ರತಿ ಪರೀಕ್ಷೆ ಮುಗಿದಾಗಲೂ ಅಮ್ಮ ಒಂದೇ ಮಾತು ಕೇಳುತ್ತಿದ್ದರು, ಮಾಸ್ಟ್ರು ಏನಾದರೂ ಹೇಳಿದರಾ ಎಂದು. ನೀವು ಸಂತೋಷಪಟ್ಟರೆಂದು ಹೇಳುತ್ತಿದ್ದೆ.

ನಿಮ್ಮ ಪೆಟ್ಟಿಗೆ ಬಂದಾಗ, ಹೇಳಲಿಕ್ಕೇ ಕಳಿಸಿದ್ದೀರಿ ಎಂದುಕೊಂಡೆ. ಆಮೇಲೆ ಗಾಜು ಸಿಕ್ಕಿತು. ನಿಮಗೆ ಬರೆದೆ, ಕಾದೆ.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಲು ನನ್ನ ಗೆಳತಿ ಝುಬೈದಾಳಿಗೆ ಕಳಿಸಿದ್ದೇನೆ. ಓದಿದ ಮೇಲೆ ಅಮ್ಮ ಬಾವಿಗೆ ಬರುತ್ತಾರೆ. ಮೊದಲ ಕೊಡ ಅವರೇ ಎತ್ತಲಿ, ಅವರ ಕೈಯಿಂದ. ಅವರು ಕುಡಿದರೆ ನೀವೂ ಕುಡಿಯಿರಿ.

ಹೇಮಾಕ್ಷಿ ಎಂಬುದು ನೀವು ಶಾಲೆಯಲ್ಲಿ ಬರೆಸಿದ ಹೆಸರು. ಒಳ್ಳೆಯ ಹೆಸರು. ಅಪ್ಪ ಕರೆಯುತ್ತಿದ್ದದ್ದು ಬೇರೆ.

ಕಿನ್ನಿ


ಉರ್ವ
೨೯ ಮೇ ೧೯೬೧

ಕಿನ್ನಿ,

ನಿನ್ನೆ ಬೆಳಿಗ್ಗೆ ನಿನ್ನ ತಾಯಿ ಬಂದರು. ಮಾವಿನ ಮರ ಬಳಸಲಿಲ್ಲ. ನೇರ ಕಟ್ಟೆ ಹತ್ತಿದರು. ನಾನು ಜಗಲಿಯಲ್ಲಿ ಎದ್ದು ನಿಂತಿದ್ದೆ, ಅವರು ತಿರುಗಿ ನೋಡಲಿಲ್ಲ.

ಮೊದಲ ಕೊಡ ಎತ್ತಿ ಮೂಸಿದರು. ಬಗ್ಗಿ, ಒಳಗಿನ ಆ ಮೆಟ್ಟಿಲುಗಳ ಮೇಲೆ ನಿಧಾನವಾಗಿ ಹೊಯ್ದರು, ಕಡೆಯ ಹನಿಯವರೆಗೆ. ಎರಡನೆಯ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡರು. ಹೋಗುವಾಗ ಜಗಲಿಯ ಎದುರು ಒಂದು ಗಳಿಗೆ ನಿಂತು, "ಮಾಸ್ಟ್ರೇ, ಹಗ್ಗ ಸವೆದಿದೆ. ಬದಲಿಸಿ" ಅಂದರು. ಹದಿಮೂರು ವರ್ಷದಲ್ಲಿ ಅವರು ತಾವಾಗಿ ನನಗೆ ಹೇಳಿದ ಮೊದಲ ಮಾತು.

ಮಧ್ಯಾಹ್ನವೇ ಪೇಟೆಗೆ ಹೋಗಿ ಹೊಸ ಹಗ್ಗ ತಂದೆ. ಬಸ್ಸಿನಲ್ಲಿ ಕಂಡಕ್ಟರು, ಬಾಗಿಲಲ್ಲಿ ನೇತಾಡುತ್ತಿದ್ದ ಒಬ್ಬನಿಗೆ, "ಒಳಗೆ ಬಾ ಮಾರಾಯ, ಇದೆಂತ ಮಾಸ್ಟ್ರ ಕಂದೀಲಾ" ಅಂದ. ಆರು ವಾರದಲ್ಲಿ ಗಾದೆ ಬದಲಾಗಿದೆ. ನನ್ನ ಮುಖ ಅವನಿಗೆ ಗೊತ್ತಿರಲಿಲ್ಲ. ನಾನು ಟಿಕೆಟು ಕೊಂಡು ಕೂತೆ.

ಇವತ್ತು ಬೆಳಿಗ್ಗೆ ನಿನ್ನ ತಾಯಿ ಮತ್ತೆ ಬಂದರು. ಹೊಸ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿ, ಒಂದು ಕೊಡ ಎತ್ತಿಕೊಂಡು ಹೋದರು. ಒಲೆಗೆ ಒಯ್ದರೋ, ಗಿಡಕ್ಕೆ ಹೊಯ್ದರೋ, ಕುಡಿದರೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನ್ನದಲ್ಲ.

ಅವರು ಹೇಳುವ ತನಕ ನಾನು ನಲ್ಲಿಯ ನೀರನ್ನೇ ಕುಡಿಯುತ್ತೇನೆ. ಕಟ್ಟೆಯ ಮೇಲೆ ಒಂದು ಲೋಟ ತೊಳೆದು ಮಗುಚಿ ಇಟ್ಟಿದ್ದೇನೆ.

ರುಡೊಲ್ಫ್